ಕಟ್ಟು ಹಾಕಿದ ಛಾಯಾಚಿತ್ರ: ಮಳೆಗಾಲ ದಾಟುವಂತೆ ಮಾಡಿ ಮಾರಿ

ಮಾಂದಲಪಟ್ಟಿಯ ಮಂಜು, ಕಾಫಿ ಹೂವು, ತಲಕಾವೇರಿಯ ಮುಂಜಾವು ಕೊಡಗಿನ ಹೋಂಸ್ಟೇ ಗೋಡೆಗಳ ಮೇಲೆ ಸಾಮಾನ್ಯ. ಆದರೆ ತಾವು ಮಾರಿದ ಚಿತ್ರ ಎರಡನೆಯ ಮಳೆಗಾಲವನ್ನು ಕಂಡಿತೇ ಎಂದು ವಿಚಾರಿಸುವ ಛಾಯಾಗ್ರಾಹಕರು ಕಡಿಮೆ. ಕಳೆದ ಆಗಸ್ಟ್‌ನಲ್ಲಿ ಮಡಿಕೇರಿಯ ಪರಿಚಿತರ ಮನೆಯಲ್ಲಿ ಅಂಥದೊಂದು ಚಿತ್ರದ ಕಟ್ಟು, ಅಂದರೆ ಫ್ರೇಮ್, ಬಿಚ್ಚಿದೆ. ಹಿಂದಿನ ಎಂಡಿಎಫ್ ಹಲಗೆ (ಮರದ ನಾರಿಗೆ ಅಂಟು ಬೆರೆಸಿ ಒತ್ತಿದ್ದು) ಉಬ್ಬಿ ಅಂಚು ಪುಡಿಯಾಗುತ್ತಿತ್ತು. ಗಾಜಿಗೆ ಅಂಟಿದ್ದ ಚಿತ್ರವನ್ನು ಮೆಲ್ಲಗೆ ಎಳೆದರೆ ಮಂಜು ಮುಸುಕಿದ ಬೆಟ್ಟವೆಲ್ಲ ಗಾಜಿನ ಮೇಲೆಯೇ ಉಳಿದು ಕೈಗೆ ಬರೀ ಬಿಳಿ ಕಾಗದ ಬಂತು. ಒಂದೇ ವರ್ಷಕ್ಕೆ ಕಸವಾಗುವ ಚಿತ್ರವನ್ನು ಎಷ್ಟೇ ಒಳ್ಳೆಯ ಕಾಗದದಲ್ಲಿ ಸುತ್ತಿ ಕೊಟ್ಟರೂ ಅದು ಪರಿಸರಕ್ಕೆ ಹೊರೆಯೇ.

ಮೊದಲು ಬೇಡಿಕೆ, ಆಮೇಲೆ ಮುದ್ರಣ. ಅಳತೆಗೊಂದರಂತೆ ಮಾದರಿ ಇಟ್ಟುಕೊಂಡರೆ ಸಾಕು. ಪಿಗ್ಮೆಂಟ್ ಶಾಯಿಯಲ್ಲಿ (ಕರಗದ ಬಣ್ಣದ ಕಣಗಳಿರುವ ಶಾಯಿ) ಹತ್ತಿಯ ಕಾಗದದ ಮೇಲೆ ಮುದ್ರಿಸಿ, ಒಂದು ದಿನವಾದರೂ ಒಣಗಲು ಬಿಡಿ. ಲ್ಯಾಮಿನೇಶನ್ ಬೇಡವೇ ಬೇಡ. ಪ್ಲಾಸ್ಟಿಕ್ ಪೊರೆ ಹೊದ್ದ ಕಾಗದ ಮರುಬಳಕೆಗೆ ಬರುವುದಿಲ್ಲ.

ಕಟ್ಟಿಗೆ ನನ್ನ ಆಯ್ಕೆ ಹಳೆಯ ಮನೆ ಕೆಡವಿದಾಗ ಸಿಗುವ ಹಲಸಿನ ಕಿಟಕಿ ದಾರಂದ. ದಶಕಗಳಿಂದ ಒಣಗಿದ ಆ ಮರ ಇನ್ನು ತಿರುಚಿಕೊಳ್ಳುವುದಿಲ್ಲ. ಅದು ಸಿಗದಿದ್ದರೆ ತೋಟದ ಸಿಲ್ವರ್ ಓಕ್ ಆಗಬಹುದು, ಆದರೆ ಚೆನ್ನಾಗಿ ಒಣಗಿಸಿ, ಕುಟ್ಟೆ ಹಿಡಿಯದಂತೆ ನೋಡಿಕೊಳ್ಳಬೇಕು. ರಸೀದಿಯಿಲ್ಲದ ಬೀಟೆ ತುಂಡನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಕಟ್ಟಿಗೆ ಬಳಸುವ, ಮರದಂತೆ ಕಾಣುವ ಸಿಂಥೆಟಿಕ್ ಪಟ್ಟಿ (ಬೀಡಿಂಗ್) ಹೆಚ್ಚಾಗಿ ಪಾಲಿಸ್ಟೈರೀನ್. ಒಡೆದರೆ ದುರಸ್ತಿಯಿಲ್ಲ, ಗುಜರಿಯವರೂ ಒಯ್ಯುವುದಿಲ್ಲ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು, ಆದ್ದರಿಂದ ಬಯಲಿನಲ್ಲಿ ಹರಡಿ ಒಣಗಿಸಿ.

ಹೆಚ್ಚಿನವರು ಎಡವುವುದು ಜೋಡಣೆಯಲ್ಲಿ. ಚಿತ್ರ ಗಾಜನ್ನು ಮುಟ್ಟಲೇಬಾರದು. ಆಮ್ಲರಹಿತ ಮೌಂಟ್ ಬೋರ್ಡಿನಲ್ಲಿ (ಚಿತ್ರದ ಸುತ್ತ ಅಂಚಾಗಿ ಇಡುವ ದಪ್ಪ ಕಾಗದದ ಹಲಗೆ) ಕಿಟಕಿ ಕೊರೆದು ಚಿತ್ರಕ್ಕೂ ಗಾಜಿಗೂ ನಡುವೆ ಇಟ್ಟರೆ ಸುಮಾರು 2 ಮಿಲಿಮೀಟರ್ ತೆರವು ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಹೀರಿ ಹಿಗ್ಗುವ ಕಾಗದಕ್ಕೆ ಆಡಲು ಜಾಗ ಬೇಕಾದ್ದರಿಂದ, ಇಡೀ ಚಿತ್ರವನ್ನು ಹಲಗೆಗೆ ಅಂಟಿಸದೆ, ಮೇಲಂಚಿನ ಎರಡು ಕಡೆ ಮಾತ್ರ ತೆಳುಕಾಗದದ ಪಟ್ಟಿಯನ್ನು ಮೈದಾ ಅಂಟಿನಿಂದ ಹಚ್ಚಿ ನೇತುಹಾಕಿ. ಸೆಲೋಟೇಪ್ ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದ ಮೇಲೆ ಕಲೆ ಬಿಡುತ್ತದೆ. ಹಿಂಬದಿಗೆ ಎಂಡಿಎಫ್ ಬದಲು ಇನ್ನೊಂದು ಮೌಂಟ್ ಬೋರ್ಡ್, ಅದರ ಹಿಂದೆ ದಪ್ಪ ರಟ್ಟು ಇಟ್ಟು, ಕೊನೆಗೆ ಕಂದು ಕಾಗದವನ್ನು ಕಟ್ಟಿನ ನಾಲ್ಕೂ ಅಂಚಿಗೆ ಸೀಳಿಲ್ಲದಂತೆ ಅಂಟಿಸಿ. ಹುಳ ಬರುವುದು ಆ ಸೀಳಿನಿಂದಲೇ. ಈ ಹೊರಗಿನ ಅಂಟಿಗೆ ಪುಸ್ತಕ ಕಟ್ಟುವವರು ಮಾಡುವಂತೆ ಚಿಟಿಕೆ ಮೈಲುತುತ್ತ ಬೆರೆಸಬಹುದು. ಅದು ವಿಷವಾದ್ದರಿಂದ ಅಡುಗೆಯ ಪಾತ್ರೆಯಲ್ಲಿ ಕಲಸಬೇಡಿ, ಚಿತ್ರಕ್ಕೆ ತಗಲುವ ಅಂಟಿಗಂತೂ ಹಾಕಲೇಬೇಡಿ. ಬಾಟಲಿಯ ಕಾರ್ಕ್ ಬಿರಡೆಯನ್ನು ಬಿಲ್ಲೆಯಾಗಿ ಕತ್ತರಿಸಿ ಕೆಳಗಿನ ಎರಡು ಮೂಲೆಗಳ ಹಿಂದೆ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬಾರದೆಂದು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ. ಸಾಧ್ಯವಾದರೆ ಜೋಡಣೆಯ ಕೆಲಸವನ್ನೆಲ್ಲ ಜನವರಿಯಿಂದ ಮಾರ್ಚ್‌ವರೆಗಿನ ಒಣಹವೆಯಲ್ಲಿ ಮುಗಿಸಿ. ಜುಲೈನಲ್ಲಿ ಮುಚ್ಚಿದ ಕಟ್ಟಿನೊಳಗೆ ಜುಲೈ ತಿಂಗಳ ತೇವವೂ ಸೇರಿಕೊಳ್ಳುತ್ತದೆ.

ಪೊಟ್ಟಣಕ್ಕೆ ದಿನಸಿ ಅಂಗಡಿಯ ರಟ್ಟಿನ ಪೆಟ್ಟಿಗೆ, ಮೂಲೆಗಳಿಗೆ ಮಡಚಿದ ರಟ್ಟು, ಗೋಂದಿನ ಕಾಗದದ ಟೇಪು ಸಾಕು. ದೂರದೂರಿಗಾದರೆ ಗಾಜಿಲ್ಲದೆ ಕಳುಹಿಸಿ, ಅಳತೆ ಬರೆದುಕೊಡಿ. ಗಾಜು ಎಲ್ಲ ಊರಿನಲ್ಲೂ ಸಿಗುತ್ತದೆ, ದಾರಿಯಲ್ಲಿ ಒಡೆದ ಗಾಜು ಚಿತ್ರವನ್ನೂ ಹಾಳುಮಾಡುತ್ತದೆ.

ಚೀಟಿಯಲ್ಲಿ 'ಪರಿಸರಸ್ನೇಹಿ' ಎಂದಷ್ಟೇ ಬರೆಯಬೇಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2024ರ ಮಾರ್ಗಸೂಚಿಯಂತೆ ಇಂಥ ಮಾತಿಗೆ ಆಧಾರ ತೋರಿಸಬೇಕು. ಮರ ಯಾವುದು, ಎಲ್ಲಿಯದು, ಕಾಗದ ಯಾವುದು ಎಂದು ಬರೆಯಿರಿ. ಜೊತೆಗೆ ನಿಮ್ಮ ದೂರವಾಣಿ ಸಂಖ್ಯೆಯನ್ನು ಕಟ್ಟಿನ ಹಿಂದೆಯೇ ಅಂಟಿಸಿ, ಚಿತ್ರ ಬದಲಿಸಬೇಕೆನಿಸಿದವರಿಗೆ ಅದೇ ಕಟ್ಟಿನಲ್ಲಿ ಹೊಸದನ್ನು ಕೂರಿಸಿಕೊಡಿ. ಅದಕ್ಕೆ ಮುದ್ರಣದ ಖರ್ಚು ಮತ್ತು ಕೂಲಿಯನ್ನಷ್ಟೇ ತೆಗೆದುಕೊಳ್ಳಿ.