ವಿಕಿಪೀಡಿಯ ಪದಗಳನ್ನು ಪೈಥಾನ್‌ನಲ್ಲಿ ಎಣಿಸಿದ್ದು: ನನ್ನ ಅನುಭವ
ಕಾಗುಣಿತ ನೋಡುವ ಸಣ್ಣ ಪ್ರೋಗ್ರಾಂ ಒಂದಕ್ಕೆ, ಕನ್ನಡ ವಿಕಿಪೀಡಿಯದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಅನ್ನೋ ಪಟ್ಟಿ ಬೇಕಿತ್ತು. ಪದ ಹುಡುಕೋಕೆ ರೆಜೆಕ್ಸ್ (ಅಕ್ಷರಗಳ ಮಾದರಿ ಹೇಳುವ ಸೂತ್ರ), ಎಣಿಸೋಕೆ ಪೈಥಾನ್‌ನ ಕೌಂಟರ್, ಅಷ್ಟೇ ಕೆಲಸ. ಇಂಥದ್ದಕ್ಕೆ ಥ್ರೆಡ್ (ಒಂದೇ ಪ್ರೊಸೆಸ್ ಒಳಗೆ ಜೊತೆಜೊತೆಗೆ ಸಾಗುವ ಎಳೆ) ಹಾಕಿ ಪ್ರಯೋಜನ ಇಲ್ಲ, ಜಿಐಎಲ್ ಅನ್ನೋ ಬೀಗ ಇರುವ ಮಾಮೂಲಿ ಪೈಥಾನ್‌ನಲ್ಲಿ ಒಂದು ಹೊತ್ತಿಗೆ ಒಂದೇ ಥ್ರೆಡ್ ಕೋಡ್ ಓಡಿಸುತ್ತದೆ. ಹಾಗಾಗಿ ಮಲ್ಟಿಪ್ರೊಸೆಸಿಂಗ್ ಪೂಲ್ ಹಿಡಿದೆ, ಅಂದರೆ ಕೆಲಸ ಹಂಚಿಕೊಳ್ಳುವ ಬೇರೆ ಬೇರೆ ಪ್ರೊಸೆಸ್‌ಗಳ (ವರ್ಕರ್‌ಗಳ) ಗುಂಪು.

ಮೊದಲು ಸುಲಭದ ದಾರಿ. ಮುಖ್ಯ ಪ್ರೊಸೆಸ್ ಡಂಪ್ (ಇಡೀ ವಿಕಿಪೀಡಿಯದ ಕುಗ್ಗಿಸಿದ ಫೈಲ್) ಬಿಚ್ಚಿ ಒಂದೊಂದೇ ಲೇಖನವನ್ನು ಐಮ್ಯಾಪ್‌ಗೆ (ಕೆಲಸ ಹಂಚುವ ಪೂಲ್‌ನ ಫಂಕ್ಷನ್) ಕೊಡುತ್ತದೆ, ವರ್ಕರ್‌ಗಳು ಎಣಿಸುತ್ತವೆ. ಯಾವ ಪ್ರೊಸೆಸ್ ಎಷ್ಟು ದುಡೀತಿದೆ ಅಂತ ತೋರಿಸುವ ಟಾಪ್ ಕಮಾಂಡ್ ನೋಡಿದರೆ ಮುಖ್ಯ ಪ್ರೊಸೆಸ್ ಒಂದೇ ಬೆವರು ಸುರಿಸುತ್ತಿತ್ತು, ಉಳಿದವು ಸುಮ್ನೆ ಕೂತಿದ್ದವು. ಬಡಿಸೋಕೆ ಎಂಟು ಜನ, ಅಡುಗೆ ಭಟ್ಟ ಒಬ್ಬನೇ ಅನ್ನೋ ಹಾಗೆ. ಡಂಪ್ ಕುಗ್ಗಿಸಿರುವ ಬಿಝಿಪ್2 ಬಿಚ್ಚೋದೇ ನಿಧಾನ, ಅದರ ಮೇಲೆ ಪ್ರತಿ ಲೇಖನವೂ ಪಿಕಲ್ ಆಗಿ (ಬೈಟ್‌ಗಳಾಗಿ ಬದಲಾಗಿ) ಪ್ರೊಸೆಸ್‌ಗಳ ನಡುವಿನ ಪೈಪ್ ದಾಟಬೇಕು, ಕೌಂಟರ್ ಮತ್ತೆ ಪಿಕಲ್ ಆಗಿ ವಾಪಸ್ ಬರಬೇಕು. ಐಮ್ಯಾಪ್‌ನ ಚಂಕ್‌ಸೈಜ್ (ಒಂದು ಸಲಕ್ಕೆ ಎಷ್ಟು ಲೇಖನ ಕಳಿಸೋದು) ಡೀಫಾಲ್ಟ್ 1. ಅದನ್ನು ಜಾಸ್ತಿ ಮಾಡಿದರೆ ಸ್ವಲ್ಪ ಹಗುರವಾಯಿತು, ಆದರೆ ಬಿಚ್ಚುವ ಕೆಲಸ ಒಬ್ಬನ ತಲೆ ಮೇಲೇ ಉಳಿಯಿತು.

ದಾರಿ ಇದ್ದದ್ದು ಡಂಪ್‌ನಲ್ಲೇ. ವಿಕಿಮೀಡಿಯ ಮಲ್ಟಿಸ್ಟ್ರೀಮ್ ಅಂತ ಬೇರೆ ಡಂಪ್ ಕೊಡುತ್ತದೆ. ಅದರಲ್ಲಿ ಸುಮಾರು 100 ಪುಟಕ್ಕೊಂದು ಪ್ರತ್ಯೇಕ ಬಿಝಿಪ್2 ತುಂಡು, ಯಾವ ತುಂಡು ಎಷ್ಟನೇ ಬೈಟ್‌ನಿಂದ ಶುರು ಅನ್ನೋ ಇಂಡೆಕ್ಸ್ ಫೈಲ್ ಬೇರೆ. ಈಗ ವರ್ಕರ್‌ಗೆ ನಾನು ಕಳಿಸೋದು ಬರೀ ಬೈಟ್ ನಂಬರ್‌ಗಳ ಒಂದು ಪಟ್ಟಿ. ಫೈಲ್ ತೆರೆಯೋದು, ಸೀಕ್ ಮಾಡೋದು (ಆ ಬೈಟ್‌ಗೆ ನೇರ ಹಾರೋದು), ಬಿಚ್ಚೋದು, ಎಣಿಸೋದು ಎಲ್ಲ ಅವರದ್ದೇ, ಹಲವು ತುಂಡು ಮುಗಿದ ಮೇಲೆ ಒಂದೇ ಒಂದು ಕೌಂಟರ್ ವಾಪಸ್. ಯಾವುದು ಮೊದಲು ಮುಗಿದರೇನು, ಕೂಡಿಸೋದು ತಾನೇ, ಅದಕ್ಕೆ ಮುಗಿದ ಹಾಗೆ ಉತ್ತರ ಕೊಡುವ ಐಮ್ಯಾಪ್ ಅನ್‌ಆರ್ಡರ್ಡ್ ಸಾಕು. ಎಲ್ಲ ಕೋರ್‌ಗಳೂ ತುಂಬಿ ಓಡಿದವು. ಒಂದು ವಿಷಯ ಮಾತ್ರ ನೆನಪಿರಲಿ, ಪ್ರತಿ ತುಂಡೂ ಅರ್ಧ ಎಕ್ಸ್‌ಎಂಎಲ್, ಪಾರ್ಸರ್‌ಗೆ ಕೊಡುವ ಮೊದಲು ಸುತ್ತ ಒಂದು ರೂಟ್ ಟ್ಯಾಗ್ ಹಾಕಬೇಕು.

ಕನ್ನಡಕ್ಕೇ ಸೇರಿದ ತಲೆನೋವು ಇನ್ನೊಂದಿದೆ. ಪೈಥಾನ್‌ನ ರೆಜೆಕ್ಸ್‌ನಲ್ಲಿ ಪದದ ಅಕ್ಷರ ಹಿಡಿಯುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು (\w) ಗುಣಿತದ ಚಿಹ್ನೆಗಳನ್ನು ಅಕ್ಷರ ಅಂತ ಒಪ್ಪೋದಿಲ್ಲ, ಪದ ಅಲ್ಲೇ ತುಂಡಾಗುತ್ತದೆ. ಕನ್ನಡ ಯುನಿಕೋಡ್ ಬ್ಲಾಕ್ ಪೂರ್ತಿ ಬರೆದು, ಜೊತೆಗೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ ಸೇರಿಸಿದೆ. ಇಲ್ಲದಿದ್ದರೆ ರಾಜ್‌ಕುಮಾರ್ ಎರಡು ಪದ ಆಗಿಬಿಡ್ತಾರೆ, ಅಲ್ವಾ?

ಪೂಲ್ ಶುರು ಮಾಡುವ ಕೋಡ್ ಮೇನ್ ಗಾರ್ಡ್ (if __name__ == '__main__') ಒಳಗೇ ಇರಲಿ, ಹೊಸ ವರ್ಕರ್ ಇದೇ ಫೈಲನ್ನು ಮತ್ತೆ ಓದುವಾಗ ಆ ಕೋಡ್ ಓಡಬಾರದು. ವಿಂಡೋಸ್‌ನಲ್ಲಿ ಇದು ಮೊದಲಿಂದಲೂ ಬೇಕಿತ್ತು, ಮ್ಯಾಕ್‌ನಲ್ಲಿ ಪೈಥಾನ್ 3.8ರಿಂದ. ಪೈಥಾನ್ 3.14ರಿಂದ ಲಿನಕ್ಸ್‌ನಲ್ಲೂ ವರ್ಕರ್ ಹುಟ್ಟಿಸೋಕೆ ಫೋರ್ಕ್ (ಇರುವ ಪ್ರೊಸೆಸ್‌ನ ನಕಲು) ಬದಲು ಫೋರ್ಕ್‌ಸರ್ವರ್ ಡೀಫಾಲ್ಟ್, ಹಾಗಾಗಿ ಅಲ್ಲೂ ಬೇಕು.