ಹೆಡ್‌ಲೈಟ್ ಮಿಣುಕುತ್ತಿತ್ತು, ತಪ್ಪು ಡೈನಮೋದ್ದಲ್ಲ

ಜನವರಿ ಕೊನೆಯ ಮಾತು. ಒಣಗಿದ ಕಾಫಿ ಮೂಟೆ ತುಂಬಿಕೊಂಡು ಆಲ್ದೂರಿನಿಂದ ಚಿಕ್ಕಮಗಳೂರಿನ ಸಿಪ್ಪೆ ಬಿಡಿಸಿ ಬೀಜ ಬೇರ್ಪಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಹೊರಟಿದ್ದೆ. ಬೆಳಗಿನ ಜಾವ, ಮಂಜು ಬೇರೆ. ವಸ್ತಾರೆ ಹತ್ತಿರ ಚಕ್ರ ಗುಂಡಿಗೆ ಇಳಿದಾಗಲೆಲ್ಲ ಪಿಕಪ್ಪಿನ ಎರಡೂ ಹೆಡ್‌ಲೈಟ್ ಮಿಣಕ್ ಮಿಣಕ್ ಅನ್ನತೊಡಗಿದವು. ಎದುರಿಗೆ ಬಂದ ಬಸ್ಸಿನವರು ನಾನು ಡಿಮ್-ಡಿಪ್ ಮಾಡಿ ದಾರಿ ಕೇಳುತ್ತಿದ್ದೇನೆ ಅಂದುಕೊಂಡರೋ ಏನೋ, ಫುಲ್ ಲೈಟ್ ಹಾಕಿ ಕಣ್ಣಿಗೇ ಬಿಟ್ಟರು. ಪಕ್ಕಕ್ಕೆ ನಿಲ್ಲಿಸಿ, ಬೆಳಕು ಹರಿದ ಮೇಲೆ ಮುಂದೆ ಹೋದೆ.

ವಾಪಸ್ ಬಂದ ಮೇಲೆ ಸಲಹೆಗಳಿಗೇನು ಕಡಿಮೆ? ಭಾವ ಬ್ಯಾಟರಿ ಹೋಗಿದೆ ಅಂದರು. ಪೇಟೆಯ ಎಲೆಕ್ಟ್ರಿಷಿಯನ್ ಒಬ್ಬರು ನೋಡುವ ಮೊದಲೇ "ಡೈನಮೋ ಬಿಚ್ಚಿಸಿ" ಅಂದರು; ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಅದೇ. ಎರಡೂ ಜೇಬಿಗೆ ಭಾರ. ಹಾಗಾಗಿ ಭಾನುವಾರ ಕಣದ ಪಕ್ಕ ಗಾಡಿ ನಿಲ್ಲಿಸಿಕೊಂಡು ನಾನೇ ಕೂತೆ.

ಮೊದಲು ಯೋಚನೆ, ಆಮೇಲೆ ಸ್ಪ್ಯಾನರ್. ಮಿಣುಕುವುದು ಎಂಜಿನ್ ವೇಗಕ್ಕೆ ತಕ್ಕಂತೆ ಇದ್ದರೆ ಡೈನಮೋ, ಬೆಲ್ಟ್ ಕಡೆ ನೋಡಬೇಕು. ಗುಂಡಿ ಬಿದ್ದಾಗ ಮಾತ್ರ ಆದರೆ ಎಲ್ಲೋ ಸಡಿಲ. ಒಂದೇ ಲೈಟ್ ಆಗಿದ್ದರೆ ಅದರ ಹೋಲ್ಡರ್ ಮೇಲೆ ಅನುಮಾನ. ನನ್ನದರಲ್ಲಿ ಎರಡೂ ಒಟ್ಟಿಗೆ ಮಿಣುಕುತ್ತಿದ್ದವು. ಹಾರ್ನ್, ವೈಪರ್ ಸರಿಯಾಗಿದ್ದವು. ಅಂದರೆ ಎರಡು ಲೈಟಿಗೂ ಸೇರಿದ ಯಾವುದೋ ಜಾಗ: ಸ್ವಿಚ್, ರಿಲೇ (ಸ್ವಿಚ್ಚಿನ ಚಿಕ್ಕ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟ್ ಹಾಯಿಸುವ ಪುಟ್ಟ ಪೆಟ್ಟಿಗೆ), ಇಲ್ಲವೇ ಅರ್ಥಿಂಗ್, ಅಂದರೆ ಬಲ್ಬಿನಿಂದ ಗಾಡಿಯ ತಗಡಿನ ಮೂಲಕ ಕರೆಂಟ್ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ.

ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಟ್ಟೆ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಓಡುವಾಗ 14.1. ಬ್ಯಾಟರಿ, ಡೈನಮೋ ಎರಡೂ ಗಟ್ಟಿ ಅಂತ ಅಲ್ಲೇ ಗೊತ್ತಾಯಿತು. ರಿಲೇ ಅದಲು ಬದಲು ಮಾಡಿ ನೋಡಿದೆ, ವ್ಯತ್ಯಾಸ ಇಲ್ಲ.

ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಮೀಟರನ್ನು ವೈರಿನ ತಡೆ ಅಳೆಯುವ ಓಮ್‌ಗೆ ತಿರುಗಿಸಿ ಅರ್ಥಿಂಗ್ ವೈರ್ ಚೆಕ್ ಮಾಡಿದೆ. 0.5 ತೋರಿಸಿತು. ಅದರಲ್ಲಿ ಮೀಟರಿನ ಸ್ವಂತ ವೈರುಗಳದ್ದೇ 0.3. ಚೆನ್ನಾಗಿದೆ ಅಂತ ಮುಚ್ಚಿಬಿಟ್ಟೆ. ಅರ್ಧ ದಿನ ಸುಮ್ನೆ ಹೋಯಿತು. ಲೆಕ್ಕ ಹಾಕಿದ್ದರೆ ಆಗಲೇ ಹೊಳೆಯುತ್ತಿತ್ತು. 55 ವ್ಯಾಟಿನ ಎರಡು ಬಲ್ಬ್ ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಉಳಿದ 0.2 ಓಮ್ ಕಣ್ಣಿಗೆ ಏನೂ ಅಲ್ಲ, ಆದರೆ 9 ಆಂಪಿಯರ್ ಹರಿದರೆ ಅಲ್ಲೇ ಎರಡು ವೋಲ್ಟಿನ ಹತ್ತಿರ ಸೋರಿ ಹೋಗುತ್ತದೆ. ಮೀಟರಿನ ಚಿಕ್ಕ ಕರೆಂಟಿಗೆ ಇದು ಕಾಣುವುದಿಲ್ಲ. ಲೈಟ್ ಹಾಕಿಕೊಂಡೇ ಅಳೆಯಬೇಕು.

ಊಟ ಮುಗಿಸಿ ಹಾಗೇ ಮಾಡಿದೆ. ಎಂಜಿನ್ ಆಫ್, ಡಿಪ್ ಲೈಟ್ ಆನ್. ಬ್ಯಾಟರಿಯಲ್ಲಿ 12.2, ಬಲ್ಬಿನ ಹತ್ತಿರ ಬರೀ 10.3! ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಪ್ಲಸ್ ಪಿನ್ ತನಕ 0.4 ಹೋಗುತ್ತಿತ್ತು. ಬಲ್ಬಿನ ಅರ್ಥ್ ಪಿನ್‌ನಿಂದ ಬ್ಯಾಟರಿ ಮೈನಸ್ ತನಕ 1.5. ಅಲ್ಲಿ 0.1, 0.2ಕ್ಕಿಂತ ಜಾಸ್ತಿ ಇರಬಾರದು. ವೋಲ್ಟೇಜ್ ನೂರಕ್ಕೆ 10 ಇಳಿದರೆ ಹ್ಯಾಲೊಜೆನ್ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆ. ಲೈಟ್ ಮಂಕು ಅಂತ ನಾನು ವರ್ಷದಿಂದ ಗಾಜು ಒರೆಸಿದ್ದೇ ಒರೆಸಿದ್ದು.

ಖಾತ್ರಿಗೆ ಒಂದು ದಪ್ಪ ವೈರ್ ತಗೊಂಡು ಬ್ಯಾಟರಿ ಮೈನಸ್‌ನಿಂದ ಬಲ್ಬಿನ ಅರ್ಥ್ ಪಿನ್‌ಗೆ ನೇರ ಮುಟ್ಟಿಸಿದೆ. ಮುಂದೆ ನಿಂತಿದ್ದ ಮಗ "ಅಪ್ಪಾ, ಈಗ ಜೋರಾಯ್ತು!" ಅಂತ ಕೂಗಿದ.

ಆ ಅರ್ಥ್ ಬೋಲ್ಟ್ ಇದ್ದದ್ದು ಬ್ಯಾಟರಿ ತಟ್ಟೆಯ ಕೆಳಗೆ. ನಮ್ಮ ಮಲೆನಾಡಿನ ಮಳೆ, ಕೆಂಪು ಮಣ್ಣು, ಮೇಲಿಂದ ಬ್ಯಾಟರಿಯ ಆಸಿಡ್ ಆವಿ. ವೈರಿನ ತುದಿಯ ಬಳೆ, ಅಂದರೆ ಥಿಂಬಲ್, ಪೂರ್ತಿ ಹಸಿರು ಕಿಲುಬು, ಅದರಡಿಯ ತಗಡಿಗೆ ತುಕ್ಕು. ಬ್ಯಾಟರಿ ಮೈನಸ್ ಕಳಚಿಟ್ಟು 10 ನಂಬರ್ ಸ್ಪ್ಯಾನರ್ ಹಾಕಿ ತಿರುಗಿಸಿದೆ. ಬೋಲ್ಟಿನ ತಲೆಯೇ ಕೈಗೆ ಬಂತು. ಹಾಳಾಗಿ ಹೋಗಲಿ ಅಂತ ನಾಲ್ಕು ಬೆರಳು ಆಚೆ ಹೊಸ ತೂತು ಕೊರೆದೆ. ಬಣ್ಣ ಹೋಗಿ ತಗಡು ಬೆಳ್ಳಗೆ ಹೊಳೆಯುವ ತನಕ ಉಪ್ಪು ಕಾಗದ ಉಜ್ಜಿದೆ. ಹೊಸ ಥಿಂಬಲ್, ಹಲ್ಲಿನ ವಾಷರ್, ಹೊಸ ಬೋಲ್ಟ್. ಜೊತೆಗೆ ಒಂದು ದಪ್ಪ ವೈರನ್ನು ನೇರ ಬ್ಯಾಟರಿ ಮೈನಸ್‌ಗೂ ಎಳೆದೆ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಬಳಿದೆ. ಮೊದಲೇ ಬಳಿಯುವುದಕ್ಕಿಂತ ಇದೇ ವಾಸಿ.

ಪ್ಲಸ್ ಕಡೆ ಸೋರುತ್ತಿದ್ದ 0.4 ವೋಲ್ಟ್ ಇನ್ನೂ ಬಾಕಿ ಇತ್ತು ನೋಡಿ. ಎಡಗಡೆ ಹೋಲ್ಡರ್ ತೆಗೆದರೆ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅದು ನನ್ನದೇ ಆಸೆಯ ಫಲ. ಎರಡು ವರ್ಷದ ಹಿಂದೆ ಬೆಳಕು ಸಾಲದು ಅಂತ 100/90 (ಫುಲ್/ಡಿಪ್) ವ್ಯಾಟಿನ ಬಲ್ಬ್ ಹಾಕಿ ಕೆಲವು ತಿಂಗಳು ಓಡಿಸಿದ್ದೆ. ಹೋಲ್ಡರ್ ಎರಡೂ ಬದಲಾಯಿಸಿ, ಕಂಪನಿ ಕೊಟ್ಟ 60/55 ಬಲ್ಬನ್ನೇ ಗಾಜು ಮುಟ್ಟದೆ ವಾಪಸ್ ಕೂರಿಸಿದೆ. ಬೆರಳಿನ ಜಿಡ್ಡು ಗಾಜಿಗೆ ಹತ್ತಿದರೆ ಬಲ್ಬ್ ಬೇಗ ಹೋಗುತ್ತದೆ.

ಮತ್ತೆ ಅಳೆದೆ. ಅರ್ಥ್ ಕಡೆ 0.06. ವೈರ್ ಹಿಡಿದು ಅಲ್ಲಾಡಿಸಿದರೂ, ಮಗ ಬಾನೆಟ್ ಕುಟ್ಟಿದರೂ ಅಂಕಿ ಅಲುಗಲಿಲ್ಲ. ಕತ್ತಲಾದ ಮೇಲೆ ಗೋಡೌನ್ ಗೋಡೆಗೆ ಬೆಳಕು ಬಿಟ್ಟು ನೋಡಿದರೆ ಎಡಗಡೆಯದು ಸಿಲ್ವರ್ ಮರದ ತುದಿ ನೋಡುತ್ತಿತ್ತು. ಸ್ಕ್ರೂ ತಿರುಗಿಸಿ ಕೆಳಗಿಳಿಸಿದೆ. ಭಾವ ಬಂದು ನೋಡಿ, "ಹೊಸ ಬ್ಯಾಟರಿ ಹಾಕಿಸಿದೆಯಾ?" ಅಂದರು.