ಹನ್ನೆರಡನೇ ಹುಣಸೆ ಬೀಜ

ಒಬ್ಬರು ಕಥೆ ನಡೆಸಿ, ಉಳಿದವರು ಅದರೊಳಗಿನ ಪಾತ್ರಗಳಾಗಿ ದಾಳ ಹಾಕಿ ಆಡುವ ಪಾತ್ರದಾಟಕ್ಕೆ ಕೈಮೀರಿ ಹೋಗುವ ಶಕ್ತಿಯನ್ನು ತರಬೇಕು ಅಂದಾಗ ಹೆಚ್ಚಿನವರು ಮೊದಲು ಕೂತು ಬರೆಯೋದು ಅನಾಹುತಗಳ ಒಂದು ಉದ್ದ ಪಟ್ಟಿ. ಕೋಲಾರದ ನಮ್ಮ ಭಾನುವಾರದ ಆಟಕ್ಕೂ ಶುರುವಿನಲ್ಲಿ ಅದೇ ಮಾಡಿದ್ದು. ಕೆಲಸಕ್ಕೆ ಬರಲಿಲ್ಲ. ಪಟ್ಟಿ ಎಷ್ಟೇ ಭಯಂಕರವಾಗಿರಲಿ, ಅಪಾಯ ಆಡುವವರ ಕೈಯಲ್ಲಿ ಇರದಿದ್ದರೆ ಅದು ಬರೀ ದುರದೃಷ್ಟ. ಇನ್ನೊಂದು ದಾಳ ಎತ್ತಿಕೊಳ್ಳಲೋ ಬೇಡವೋ ಅಂತ ಬೆರಳು ತಡೆಯಬೇಕು. ಶಕ್ತಿ ಅಪಾಯಕಾರಿ ಅನ್ನಿಸೋದು ಆ ಗಳಿಗೆಯಲ್ಲಿ.

ಪಟ್ಟಿ ಏಕೆ ಸೋಲುತ್ತೆ ಅನ್ನೋದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆವೃತ್ತಿಯ ವೈಲ್ಡ್ ಮ್ಯಾಜಿಕ್, ಅಂದರೆ ಹಿಡಿತ ತಪ್ಪಬಲ್ಲ ಮಂತ್ರಶಕ್ತಿ. ಮಂತ್ರ ಹಾಕಿದ ಮೇಲೆ ಆಟ ನಡೆಸುವವರು ಕೇಳಿದರೆ ಇಪ್ಪತ್ತು ಮುಖದ ದಾಳ ಹಾಕಬೇಕು. 1 ಬಿದ್ದರೆ 1ರಿಂದ 100ರವರೆಗೆ ಬೀಳುವ ಹಾಗೆ ಮತ್ತೆ ದಾಳ ಹಾಕಿ, ವಿಚಿತ್ರ ಪರಿಣಾಮಗಳ ಪಟ್ಟಿ ನೋಡಬೇಕು. ಅದರಲ್ಲಿ 7 ಅಥವಾ 8 ಬಿದ್ದರೆ ಮಂತ್ರಗಾರನ ಮೈಯಿಂದಲೇ ಬೆಂಕಿಯುಂಡೆ ಸಿಡಿಯುತ್ತೆ. 8 ಆರುಮುಖದ ದಾಳದ ಪೆಟ್ಟು, ಸರಾಸರಿ 28. ಮೊದಲ ಹಂತದ ಮಂತ್ರಗಾರನ ಪ್ರಾಣಾಂಕ, ಅಂದರೆ ಎಷ್ಟು ಪೆಟ್ಟು ತಡೆಯಬಲ್ಲ ಅನ್ನುವ ಸಂಖ್ಯೆ, ಸಾಮಾನ್ಯವಾಗಿ ಹತ್ತನ್ನೂ ದಾಟಿರಲ್ಲ. ತಪ್ಪಿಸಿಕೊಂಡು ಅರ್ಧ ಪೆಟ್ಟು ತಿಂದರೂ ನೆಲಕ್ಕೆ ಬೀಳ್ತಾನೆ, ಪಕ್ಕದಲ್ಲಿ ನಿಂತವರೂ ಬೀಳ್ತಾರೆ. ಇದು ಸಾವಿರಕ್ಕೊಮ್ಮೆ ಆಗುವಂಥದ್ದು. 999 ಸಲ ಶಕ್ತಿ ಹೆಚ್ಚುಕಡಿಮೆ ಸಾಧುವಾಗಿರುತ್ತೆ, ಒಂದು ಸಲ ಕಥೆಯನ್ನೇ ಮುಗಿಸುತ್ತೆ. ಜೊತೆಗೆ ದಾಳ ಹಾಕಿಸೋದು ಆಟ ನಡೆಸುವವರ ನೆನಪಿಗೆ ಬಿಟ್ಟ ವಿಷಯ. ಕಾಳಗದ ನಡುವೆ ಅದು ಮರೆತೇ ಹೋಗುತ್ತೆ.

ವಾರ್‌ಹ್ಯಾಮರ್ ಫ್ಯಾಂಟಸಿ ಆಟದ 2005ರ ಆವೃತ್ತಿಯ ದಾರಿ ಬೇರೆ. ಅಲ್ಲಿ ಮಂತ್ರಕ್ಕೆ ಹಾಕುವ ದಾಳಗಳೇ ಅಪಾಯವನ್ನೂ ಹೇಳುತ್ತವೆ: ಎರಡರಲ್ಲಿ ಒಂದೇ ಸಂಖ್ಯೆ ಬಿದ್ದರೆ ಕೇಡು, ಮೂರರಲ್ಲಿ ಬಿದ್ದರೆ ದೊಡ್ಡ ಕೇಡು. ನಾವು ಹಿಡಿದದ್ದು ಈ ಎಳೆಯನ್ನು. ಅವರದು ಹತ್ತು ಮುಖದ ದಾಳ. 3 ದಾಳಕ್ಕೆ ಜೋಡಿಯೋ ಅದಕ್ಕಿಂತ ಹೆಚ್ಚೋ ಬೀಳೋದು ನೂರಕ್ಕೆ 28 ಸಲ. ನಮ್ಮದು ಅಂಗಡಿಯಲ್ಲಿ ಸಿಗುವ ಆರು ಮುಖದ್ದು, 44 ಸಲ. ಆದ್ದರಿಂದ ಪ್ರತಿ ಜೋಡಿಗೂ ಅನಾಹುತ ತಂದರೆ ನಡೆಯಲ್ಲ. ಜೋಡಿ ಬಿದ್ದಾಗ ಸಾಲ ಬೆಳೆಯಬೇಕು, ಸಾಲ ತುಂಬಿದಾಗ ಸಿಡಿಯಬೇಕು.

ಆ ಸಾಲದ ಲೆಕ್ಕ ನಮಗೆ ಸಿಕ್ಕಿದ್ದು ಕೆಜಿಎಫ್ ಗಣಿಯಿಂದ. ನಮ್ಮ ಕಥೆ ನಡೆಯೋದು ಅಲ್ಲೇ, 1902ರಲ್ಲಿ ಶಿವನಸಮುದ್ರದ ಕರೆಂಟು ಗಣಿಗೆ ಬಂದ ನಂತರದ ದಿನಗಳಲ್ಲಿ. ಅದಿರು ತೆಗೆದಂತೆಲ್ಲ ಮೇಲಿನ ಬಂಡೆಯ ಭಾರ ಉಳಿದ ಕಲ್ಲಿನ ಮೇಲೆ ಸೇರುತ್ತಾ ಹೋಗುತ್ತೆ. ಕಲ್ಲು ತಡೆದು ತಡೆದು ಒಮ್ಮೆಗೇ ಸಿಡಿಯುತ್ತೆ. ಅದೇ ರಾಕ್ ಬರ್ಸ್ಟ್. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮುಂದೆ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು, ಈ ಭಯ ಅಲ್ಲಿ ದಿನನಿತ್ಯದ್ದಾಗಿತ್ತು. ನಮ್ಮ ಪಾತ್ರಗಳಿಗೆ ಕಲ್ಲು ಕರೆಯುವ ಶಕ್ತಿ ಇದೆ. ಕರೆದರೆ ಬಂಡೆ ಬಿರಿದು ದಾರಿ ಕೊಡುತ್ತೆ, ಬೀಳುವ ಚಾವಣಿ ನಿಲ್ಲುತ್ತೆ. ಪಕ್ಕಕ್ಕೆ ಸರಿಸಿದ ಆ ಭಾರ ಮಾತ್ರ ಎಲ್ಲೂ ಹೋಗಲ್ಲ. ಅದೇ ಸಾಲ, ಅದನ್ನು ಹುಣಸೆ ಬೀಜದಲ್ಲಿ ಎಣಿಸ್ತೇವೆ.

ಬೇಕಾಗೋದು ಇಷ್ಟೇ: 4 ದಾಳ, ಒಂದು ಸ್ಟೀಲ್ ತಟ್ಟೆ, ಸುಮಾರು 30 ಹುಣಸೆ ಬೀಜ, ಆಟಗಾರರಿಗೆ ತಲಾ ಒಂದು ರಟ್ಟಿನ ಚೀಟಿ. ಮೊದಲು ತಟ್ಟೆಯ ಬದಲು ಚೊಂಬು ಇಟ್ಟಿದ್ದೆವು. ಒಳಗೆ ಎಷ್ಟು ಬೀಜ ಇದೆ ಅಂತ ಕಾಣದಿದ್ದರೆ ಹೆದರಿಕೆ ಹೆಚ್ಚುತ್ತೆ ಅನ್ನುವ ಲೆಕ್ಕಾಚಾರ. ಕಾಣದ್ದನ್ನು ಜನ ಹದಿನೈದೇ ನಿಮಿಷದಲ್ಲಿ ಮರೆತುಬಿಡ್ತಾರೆ. ತಟ್ಟೆಯಲ್ಲಾದರೆ ಕಣ್ಣು ಅದರ ಮೇಲೇ ಇರುತ್ತೆ, ಬೀಜ ಬಿದ್ದ ಟಣ್ ಸದ್ದಿಗೆ ಮಾತು ನಿಲ್ಲುತ್ತೆ.

ಕಲ್ಲು ಕರೆಯುವವರು 1ರಿಂದ 4 ದಾಳದವರೆಗೆ ಎಷ್ಟು ಬೇಕಾದರೂ ತಗೊಳ್ಳಬಹುದು (ನಾಲ್ಕನೆಯದಕ್ಕೆ ಒಂದು ಷರತ್ತಿದೆ, ಅದು ಮುಂದೆ ಬರುತ್ತೆ). ಮೊತ್ತ ಗುರಿ ಮುಟ್ಟಬೇಕು: ಸಣ್ಣ ಕೆಲಸಕ್ಕೆ 5, ದೊಡ್ಡದಕ್ಕೆ 9, ಆಗದ ಕೆಲಸಕ್ಕೆ 14. ಆಟದ ಜೀವ ಇರೋದು 9ರಲ್ಲಿ. ಒಂದು ದಾಳದಲ್ಲಿ 9 ಬರಲ್ಲ. ಎರಡರಲ್ಲಿ ನೂರಕ್ಕೆ 28 ಸಲ, ಮೂರರಲ್ಲಿ 74, ನಾಲ್ಕರಲ್ಲಿ 95. ಅದೇ ಹೊತ್ತಿಗೆ ಜೋಡಿಯೋ ಅದಕ್ಕಿಂತ ಹೆಚ್ಚೋ ಬೀಳುವ ಲೆಕ್ಕ 17, 44, 72. ಈ ಎರಡು ಸಾಲುಗಳನ್ನೂ ಆಟಗಾರರ ಚೀಟಿಯ ಹಿಂದೆಯೇ ಬರೆದುಕೊಟ್ಟಿದ್ದೇವೆ. ಗುಟ್ಟು ಮಾಡಿದರೆ ಆಸೆಯೂ ಹುಟ್ಟಲ್ಲ, ಅಂಜಿಕೆಯೂ ಹುಟ್ಟಲ್ಲ.

ಜೋಡಿ ಬಿದ್ದ ಸಂಖ್ಯೆ ಎಷ್ಟೋ ಅಷ್ಟು ಬೀಜ ತಟ್ಟೆಗೆ. ಒಂದರ ಜೋಡಿಗೆ ಒಂದೇ, ಆರರ ಜೋಡಿಗೆ ಆರು. ನಾಲ್ಕು ದಾಳದಲ್ಲಿ ಎರಡು ಜೋಡಿ ಬಿದ್ದರೆ ಎರಡೂ ಸೇರುತ್ತವೆ. ಮೂರು ದಾಳ ಒಂದೇ ಬಿದ್ದರೆ ಬೀಜದ ಲೆಕ್ಕ ಬಿಟ್ಟು ನೇರ ಸಿಡಿತ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ: ದೊಡ್ಡ ಸಂಖ್ಯೆಯ ಜೋಡಿಗೆ ಗುರಿ ಸುಲಭವಾಗಿ ಸಿಗುತ್ತೆ, ಸಾಲವೂ ದೊಡ್ಡದಾಗುತ್ತೆ. ತಟ್ಟೆಯಲ್ಲಿ 6 ಬೀಜ ಇದೆ ಅನ್ನಿ. ಸುರಂಗ ಮುಚ್ಚಿಕೊಳ್ಳುತ್ತಿದೆ, ಗುರಿ 9, ಮೂರು ದಾಳ. ಬಿದ್ದದ್ದು 5, 5, 2. ಹನ್ನೆರಡು, ಚಾವಣಿ ನಿಂತಿತು! ಟಣ್, ಟಣ್ ಅಂತ ಐದು ಬೀಜ ಒಂದೊಂದಾಗಿ ಬೀಳುತ್ತೆ. ಈಗ 11. ಮುಂದೆ ಕರೆಯಬೇಕಾದವರು ದಾಳ ಕೈಗೆತ್ತಿಕೊಂಡು ಕೆಳಗಿಡ್ತಾರೆ, ಮತ್ತೆ ಎತ್ತಿಕೊಳ್ತಾರೆ.

8 ಬೀಜಕ್ಕೆ ಎಚ್ಚರಿಕೆ: ಮರದ ಆನಿಕೆಗಳು ಕಿರುಗುಟ್ಟುತ್ತವೆ, ಮೇಲಿಂದ ಪುಡಿ ಉದುರುತ್ತೆ. ಆಟ ನಡೆಸುವವರು ಇದನ್ನು ಹೇಳಲೇಬೇಕು. 12ಕ್ಕೆ ಸಿಡಿತ. ಈ 12 ಸುಮ್ಮನೆ ಬಂದದ್ದಲ್ಲ. ಮೂರು ದಾಳದ ಒಂದು ಕರೆಗೆ ಸರಾಸರಿ ಒಂದೂವರೆ ಬೀಜ ಸೇರುತ್ತೆ. ಮೂರು ಗಂಟೆಯ ಆಟದಲ್ಲಿ ನಮ್ಮಲ್ಲಿ 8ರಿಂದ 10 ಕರೆ ನಡೆಯುತ್ತೆ. ಹಾಗಾಗಿ ಸಂಜೆಗೆ ಒಂದು ಸಿಡಿತ. 20 ಇಟ್ಟು ನೋಡಿದಾಗ ಎಷ್ಟೋ ಸಂಜೆ ಏನೂ ಆಗದೆ ಮುಗಿಯುತ್ತಿತ್ತು. ನಿಮ್ಮಲ್ಲಿ ಕರೆ ಕಡಿಮೆಯಾದರೆ 9ಕ್ಕೆ ಇಳಿಸಿ. ಮುಗಿಯುವಾಗ ಉಳಿದ ಬೀಜ ಎಣಿಸಿ ಬರೆದಿಡಿ, ಮುಂದಿನ ವಾರ ಅಲ್ಲಿಂದಲೇ ಶುರು.

ಸಿಡಿದಾಗ ಏನಾಗುತ್ತೆ ಅನ್ನೋದನ್ನು ಆಟಗಾರರೇ ಮುಂಚೆ ಬರೆದಿರ್ತಾರೆ. ಚೀಟಿಯಲ್ಲಿ ಪಾತ್ರ ಕಳೆದುಕೊಳ್ಳಲಾರದ ಮೂರು: ಒಬ್ಬ ವ್ಯಕ್ತಿ, ಒಂದು ಜಾಗ, ಮೈಯಲ್ಲಿನ ಒಂದು ಶಕ್ತಿ. ಉದಾಹರಣೆಗೆ ಲಿಫ್ಟ್ ನಡೆಸುವ ತಮ್ಮ, ಲೈನ್ ಮನೆಯ ಮುಂದಿನ ಜಗಲಿ, ಬಲಗಿವಿ. ಯಾರಿಗಾದರೂ ಸಹಿಸಲಾಗದ ವಿಷಯ ಇದ್ದರೆ, ಮಗುವಿನ ಸಾವು ಅಂಥದ್ದು, ಆಟಕ್ಕೆ ಮೊದಲೇ ಹೇಳಿ ಹೊರಗಿಡ್ತೇವೆ, ಕಾರಣ ಕೇಳಲ್ಲ. ಪೆಟ್ಟು ಎಷ್ಟು ಅನ್ನೋದಕ್ಕೆ ಚೌಕಾಬಾರದ ಹಾಗೆ ಒಂದು ಬದಿ ಉಜ್ಜಿದ ನಾಲ್ಕು ಹುಣಸೆ ಬೀಜ ಎಸೀತೇವೆ. ಒಂದೋ ಎರಡೋ ಬಿಳಿ ಬಿದ್ದರೆ ಚೀಟಿಯ ಒಂದಕ್ಕೆ ಬಿರುಕು: ತಮ್ಮನಿಗೆ ಗಾಯ, ಕಿವಿಗೆ ಮಂದ. ಮೂರು ಬಿಳಿಗೆ ಒಂದು ಪೂರ್ತಿ ಹೋಯಿತು. ನಾಲ್ಕಕ್ಕೆ ಎರಡು. ನಾಲ್ಕೂ ಕಪ್ಪಾದರೆ ಬರೀ ಸದ್ದು, ಧೂಳು. ಮೊದಲು ನಾಲ್ಕು ಕಪ್ಪನ್ನೇ ಅತಿ ಕೆಟ್ಟದ್ದು ಮಾಡಿದ್ದೆವು. ಆದರೆ ಚೌಕಾಬಾರದಲ್ಲಿ ಅದು ಬಾರ, ಎಂಟು ಮನೆ. ಚಿಕ್ಕಂದಿನಿಂದ ಆಡಿದ ಕೈ ಅದನ್ನು ಕಂಡರೆ ಹಿಗ್ಗುತ್ತೆ. ಆ ಹಿಗ್ಗಿಗೆ ಎದುರಾಗಿ ನಿಯಮ ಮಾಡೋದು ತಪ್ಪು, ತಿರುಗಿಸಿದೆವು. ಸಿಡಿತ ಮುಗಿದ ಮೇಲೆ ತಟ್ಟೆ ಖಾಲಿ.

ಬೀಜಗಳನ್ನು ಒರಟು ಕಲ್ಲಿನ ಮೇಲೆ ಬಿಳಿ ಕಾಣುವ ತನಕ ಉಜ್ಜಿ, ಒಂದೊಂದನ್ನೂ 100 ಸಲ ಎಸೆದು ಎಣಿಸಿ. ಬಿಳಿ 40ಕ್ಕಿಂತ ಕಡಿಮೆ ಅಥವಾ 60ಕ್ಕಿಂತ ಹೆಚ್ಚು ಬಿದ್ದರೆ ಆ ಬೀಜ ಬೇಡ.

ಕೆಡುವ ಜಾಗಗಳೂ ಇವೆ. 95ರ ಆಸೆಗೆ ಎಲ್ಲರೂ ಸದಾ ನಾಲ್ಕು ದಾಳ ಎತ್ತುತ್ತಾರೆ. ಅದಕ್ಕೆ ನಾಲ್ಕನೇ ದಾಳ ಇನ್ನೊಬ್ಬರ ಮುಂದೆ ಇರುತ್ತೆ. ಅವರು ಒಪ್ಪಿ ಕೊಟ್ಟರೆ ಮಾತ್ರ ಸಿಗುತ್ತೆ, ಕೊಟ್ಟವರ ಚೀಟಿಯೂ ಸಿಡಿತಕ್ಕೆ ಒಡ್ಡಿಕೊಳ್ಳುತ್ತೆ. ಇನ್ನೊಂದು, ಸಾಲ ಹಿಂದಿನವರದ್ದಾದರೂ ಪೆಟ್ಟು ಬೀಳೋದು ಕೊನೆಗೆ ಕರೆದವರಿಗೆ. ಇದರಿಂದ ಮುನಿಸು ಬರುತ್ತೆ. ಬೇರೆಯವರು ತಮ್ಮ ಚೀಟಿಯಿಂದ ಒಂದನ್ನು ಮುಂದಿಟ್ಟು ಪಾಲು ಹೊರಬಹುದು ಅಂತ ಸೇರಿಸಿದ ಮೇಲೆ ಮುನಿಸು ಹೋಗಿ, ಕಥೆಗೆ ಒಳ್ಳೆಯ ದೃಶ್ಯಗಳು ಸಿಕ್ಕವು. ಮೂರನೆಯದು, ಹೆದರಿ ಯಾರೂ ಕಲ್ಲನ್ನೇ ಕರೆಯದಿರೋದು. ಅಲ್ಲಿ ತಪ್ಪು ಆಟ ನಡೆಸುವವರದ್ದು: ಗುದ್ದಲಿಯಲ್ಲಿ ಆಗುವ ಕೆಲಸಕ್ಕೆ ಯಾರು ಪ್ರಾಣ ಒಡ್ಡುತ್ತಾರೆ? ಒಂದು ಸಂಜೆಗೆ ಎರಡಾದರೂ ಕಡೆ ಕಲ್ಲು ಕರೆಯದೆ ದಾಟಲಾಗದ ಜಾಗ ಇಡಿ.

ಈ ಊರಿನಲ್ಲಿ ಆಡಿಸುವವರಿಗೆ ಇನ್ನೊಂದು ಮಾತು. ಮೈಮೇಲೆ ದೇವರು ಬರೋದನ್ನು ಈ ನಿಯಮಕ್ಕೆ ಹೊಂದಿಸೋದು ಸುಲಭ, ಆದರೆ ಹಾಗೆ ಮಾಡಬೇಡಿ. ಮೇಜಿನ ಸುತ್ತ ಕೂತವರಲ್ಲಿ ಯಾರದೋ ಅಜ್ಜಿಗೆ ಅದು ನಿಜವಾದ ನಂಬಿಕೆ. ಕೋಲಾರಮ್ಮನ ಗುಡಿಯ ಚೇಳಿನ ದೇವತೆ ಚೇಳಮ್ಮನಿಗೆ ಪಾತ್ರಗಳು ನಮ್ಮ ಕಥೆಯಲ್ಲೂ ಹರಕೆ ಹೊರುತ್ತವೆ. ಆ ದೃಶ್ಯ ಚೆನ್ನಾಗಿ ನಡೆದರೆ ತಟ್ಟೆಯಿಂದ ಮೂರು ಬೀಜ ತೆಗೀತೇವೆ, ಅಲ್ಲಿ ದಾಳ ಹಾಕಿಸಲ್ಲ.